ಎಷ್ಟು ದಿನ ಬಾಳಿಕೆ ಬತ್ತದ?

ನಮ್ಮೂರಲ್ಲಿ ಬ್ಯಾಟ್ರಿ ಅಂದ್ರೆ ಟಾರ್ಚು. ಟಾರ್ಚಿನ ಒಳಗೆ ಹಾಕೋದು ಸೆಲ್ಲು. ಅಪ್ಪ "ಬ್ಯಾಟ್ರಿ ತಕ್ಕಬಾ" ಅಂದ್ರೆ ಟಾರ್ಚ್ ತರಬೇಕು, "ಬ್ಯಾಟ್ರಿ ಬುಡು" ಅಂದ್ರೆ ಬೆಳಕು ಬಿಡಬೇಕು. ನಾಲ್ಕನೇ ಕ್ಲಾಸಿನಲ್ಲಿ ಮಿಸ್ಸು "ವಾಟ್ ಈಸ್ ಎ ಬ್ಯಾಟರಿ?" ಅಂತ ಕೇಳಿದಾಗ ನಾನೇ ಮೊದಲು ಕೈ ಎತ್ತಿ, ರಾತ್ರಿ ಹೊಲದಲ್ಲಿ ಹಂದಿ ನೋಡೋಕೆ ಬಿಡೋದು ಅಂತ ಅರ್ಧ ಇಂಗ್ಲಿಷಿನಲ್ಲಿ ಅರ್ಧ ಕನ್ನಡದಲ್ಲಿ ಹೇಳಿದ್ದೆ. ಇಡೀ ಕ್ಲಾಸ್ ನಕ್ಕಿತ್ತು. ಆಮೇಲೆ ಬಹಳ ವರ್ಷ ನಾನು ಆ ಪದವನ್ನು ಮನೆಯಲ್ಲಿ ಒಂದು ಥರ, ಶಾಲೆಯಲ್ಲಿ ಇನ್ನೊಂದು ಥರ ಬಳಸಿಕೊಂಡು ಬಂದೆ.

ಈಗ ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಕನ್ನಡ ಬಳಗದವರು "ಏನಾದರೂ ಬರಿ, ನಿನ್ನ ಪ್ರಾಜೆಕ್ಟ್ ಬಗ್ಗೆಯೇ ಬರಿ" ಅಂದಾಗ ಮೊದಲು ನೆನಪಾಗಿದ್ದು ಆ ನಗು. ನನ್ನ ಕನ್ನಡದಲ್ಲಿ ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ. ವಿಷಯದಲ್ಲಿ ತಪ್ಪಿದ್ದರೆ ಮಾತ್ರ ಬಿಡಬೇಡಿ, ಹಾಸ್ಟೆಲಿಗೆ ಬಂದು ಹೇಳಿ.

ಕಳೆದ ಸೆಮಿಸ್ಟರಿನಲ್ಲಿ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಪೇಪರ್ ಪ್ರೆಸೆಂಟೇಶನ್ ಸ್ಪರ್ಧೆ ಇತ್ತು. ಇಬ್ಬಿಬ್ಬರ ತಂಡ. ನನ್ನ ಜೊತೆ ಸಂತೇಮರಹಳ್ಳಿ ಕಡೆಯ ಗೆಳತಿ. ಅವಳ ಊರಿನ ಸುತ್ತ ಭತ್ತದ ಗದ್ದೆ, ಹತ್ತಿರದಲ್ಲೇ ಅಕ್ಕಿ ಗಿರಣಿ, ಗಿರಣಿ ಹಿಂದೆ ಬೆಟ್ಟದ ಹಾಗೆ ಹೊಟ್ಟು. ಅವಳೇ ಒಂದು ದಿನ ಮೊಬೈಲಿನಲ್ಲಿ ಏನೋ ಓದಿ ಓಡಿ ಬಂದಳು. "ಕೇಳೇ ಇಲ್ಲಿ, ಭತ್ತದ ಹೊಟ್ಟಿನಿಂದ ಬ್ಯಾಟರಿ ಮಾಡಬಹುದಂತೆ!"

ಅದು ಸುಳ್ಳಲ್ಲ. ಭತ್ತದ ಗಿಡ ಮಣ್ಣಿನ ನೀರಿನಲ್ಲಿ ಕರಗಿದ ಸಿಲಿಕಾವನ್ನು ಬೇರಿನಿಂದ ಹೀರಿಕೊಂಡು ಕೊನೆಗೆ ಹೊಟ್ಟಿನಲ್ಲಿ ಕೂಡಿಸಿಡುತ್ತದೆ. ಹೊಟ್ಟು ಕೈಗೆ ಅಷ್ಟು ಒರಟಾಗಿ ಚುಚ್ಚೋದು ಅದಕ್ಕೇ. ನೂರು ಕೆಜಿ ಭತ್ತ ಕುಟ್ಟಿಸಿದರೆ ಸುಮಾರು ಇಪ್ಪತ್ತು ಕೆಜಿ ಹೊಟ್ಟು. ಅದನ್ನು ಸುಟ್ಟರೆ ನಾಲ್ಕು ಕೆಜಿ ಹತ್ತಿರ ಬೂದಿ. ಬೂದಿಯಲ್ಲಿ ಬಹುಪಾಲು ಸಿಲಿಕಾ. ಆ ಸಿಲಿಕಾದಿಂದ ಆಕ್ಸಿಜನ್ ಕಿತ್ತುಹಾಕಿದರೆ ಉಳಿಯೋದು ಸಿಲಿಕಾನ್. 2013ರಲ್ಲಿ ಕೊರಿಯಾದ ಒಂದು ತಂಡ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಒಂದು ತಂಡ, ಎರಡೂ ಬೇರೆ ಬೇರೆಯಾಗಿ ಭತ್ತದ ಹೊಟ್ಟಿನ ಸಿಲಿಕಾನನ್ನು ಲಿಥಿಯಂ ಅಯಾನ್ ಬ್ಯಾಟರಿಯ ಆನೋಡಿಗೆ ಹಾಕಿ ತೋರಿಸಿದ್ದವು.

ನಮಗೆ ಅಷ್ಟು ಸಾಕಾಯ್ತು. ಮಂಡ್ಯ ಜಿಲ್ಲೆಯಲ್ಲಿ 1,600 ಟನ್ ಲಿಥಿಯಂ ಇರಬಹುದು ಅಂತ 2021ರಲ್ಲಿ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತ್ತಲ್ಲ, ಅದನ್ನೂ ಸೇರಿಸಿಕೊಂಡೆವು. ಲಿಥಿಯಂ ಮಂಡ್ಯದಿಂದ, ಸಿಲಿಕಾನ್ ಸಂತೇಮರಹಳ್ಳಿಯಿಂದ, ಫ್ಯಾಕ್ಟರಿ ಚಾಮರಾಜನಗರದಲ್ಲಿ. ಎಂ.ಡಿ. ಯಾರು ಅನ್ನೋದರ ಬಗ್ಗೆ ಮಾತ್ರ ಮೆಸ್ಸಿನಲ್ಲಿ ಎರಡು ದಿನ ಜಗಳ ಆಯ್ತು.

ಲೆಕ್ಕ ಮಾಡೋದು ನನ್ನ ಪಾಲಿಗೆ ಬಂತು. ಲೆಕ್ಕ ಕಷ್ಟದ್ದೇನಲ್ಲ, ನೀವೂ ಮಾಡಿ ನೋಡಿ. ಚಾರ್ಜ್ ಮಾಡೋದು ಅಂದ್ರೆ ಕ್ಯಾಥೋಡಿನಲ್ಲಿರುವ ಲಿಥಿಯಂ ಅಯಾನುಗಳನ್ನು ಆನೋಡಿಗೆ ಕಳಿಸಿ ಅಲ್ಲಿ ಕೂರಿಸೋದು. ಬಳಸುವಾಗ ಅವು ವಾಪಸ್ ಬರುತ್ತವೆ, ಅಷ್ಟೇ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಹರಿದು ನಮ್ಮ ಕೆಲಸ ಮಾಡಿಕೊಡುತ್ತವೆ. ಈಗ ನಮ್ಮ ಫೋನು, ಸ್ಕೂಟರುಗಳಲ್ಲಿ ಹೆಚ್ಚಾಗಿ ಇರೋದು ಗ್ರಾಫೈಟ್ ಆನೋಡ್. ಅದರಲ್ಲಿ ಆರು ಕಾರ್ಬನ್ ಪರಮಾಣು ಸೇರಿ ಒಂದು ಲಿಥಿಯಮ್ಮಿಗೆ ಜಾಗ ಕೊಡುತ್ತವೆ. ಒಂದು ಮೋಲ್ ಎಲೆಕ್ಟ್ರಾನ್ ಅಂದ್ರೆ 26.8 ಆಂಪಿಯರ್ ಅವರ್. ಆರು ಮೋಲ್ ಕಾರ್ಬನ್ನಿನ ತೂಕ 72 ಗ್ರಾಂ. ಭಾಗಿಸಿದರೆ ಗ್ರಾಂಗೆ 372 ಮಿಲಿಯಾಂಪಿಯರ್ ಅವರ್. ಸಿಲಿಕಾನಿನಲ್ಲಿ ನಾಲ್ಕು ಪರಮಾಣು ಸೇರಿ ಹದಿನೈದು ಲಿಥಿಯಮ್ಮನ್ನು ಹಿಡಿದುಕೊಳ್ಳುತ್ತವೆ. ಅಂದ್ರೆ ಒಂದಕ್ಕೆ 3.75. ಸಿಲಿಕಾನಿನ ಪರಮಾಣು ತೂಕ 28.09. ಲೆಕ್ಕ ಹಾಕಿದರೆ ಗ್ರಾಂಗೆ ಸುಮಾರು 3,579.

ಹತ್ತಿರ ಹತ್ತಿರ ಹತ್ತು ಪಟ್ಟು! ಮೊದಲ ಸ್ಲೈಡಿಗೆ ಇದೇ ಅಂತ ತೀರ್ಮಾನ ಆಯ್ತು. ಕಪ್ಪು ಹಿನ್ನೆಲೆ, ಮಧ್ಯದಲ್ಲಿ ದೊಡ್ಡ ಹಳದಿ ಅಂಕಿಯಲ್ಲಿ '10', ಪಕ್ಕದಲ್ಲಿ ಗುಣಾಕಾರದ ಗುರುತು. ಸ್ಲೈಡ್ ನೋಡಿ ನಮಗೆ ನಾವೇ ಚಪ್ಪಾಳೆ ತಟ್ಟಿಕೊಂಡೆವು.

ಅಷ್ಟರಲ್ಲಿ ದೀಪಾವಳಿ ರಜೆ ಬಂತು.

ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆ, ಅಲ್ಲಿಂದ ಊಟಿ ರಸ್ತೆಯಲ್ಲಿ ಹಂಗಳದ ಕಡೆ ನಮ್ಮೂರು. ಅಂಗಳದಲ್ಲಿ ನಿಂತರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ ಕಾಣುತ್ತೆ. ನೋಡೋಕೆ ಬಹಳ ಚೆನ್ನಾಗಿದೆ. ರಸ್ತೆ ಬದಿ ಸೂರ್ಯಕಾಂತಿ, ಚೆಂಡು ಹೂ ಬಿಟ್ಟ ಕಾಲಕ್ಕೆ ಕೇರಳದಿಂದ ಕಾರುಗಳು ಬಂದು ಸಾಲಾಗಿ ನಿಲ್ಲುತ್ತವೆ, ಫೋಟೋ ತೆಗೆಸಿಕೊಳ್ಳೋಕೆ. ಆದ್ರೆ ಬೆಟ್ಟ ಕಾಣುವ ಊರಿಗೆ ಬೆಟ್ಟದಿಂದ ಇಳಿದು ಬರೋರೂ ಇರ್ತಾರೆ. ಹಂದಿ ವರ್ಷವಿಡೀ. ರಾಗಿ ತೆನೆ ಕಟ್ಟಿತು ಅಂದ್ರೆ ಆನೆ. ಕಂದಕ ತೋಡಿದ್ದಾರೆ, ಸೋಲಾರ್ ಬೇಲಿ ಇದೆ, ಆದರೂ ಕಾವಲು ತಪ್ಪಿದ್ದಲ್ಲ. ನನಗೆ ಬುದ್ಧಿ ಬಂದಾಗಿನಿಂದ ಆ ಎರಡು ತಿಂಗಳು ಅಪ್ಪ ಮನೆಯಲ್ಲಿ ಮಲಗಿದ್ದು ನಾನು ನೋಡಿಲ್ಲ. ಹೊಲದಲ್ಲಿ ಅಟ್ಟಣೆ, ಅಟ್ಟಣೆ ಮೇಲೆ ಒಂದು ಕಂಬಳಿ, ಒಂದು ತಗಡಿನ ಡಬ್ಬ, ಒಂದಷ್ಟು ಪಟಾಕಿ, ಒಂದು ಬ್ಯಾಟ್ರಿ.

ಹಬ್ಬದ ದಿನ ಊಟ ಆದ ಮೇಲೆ ನಾನು ಲ್ಯಾಪ್‌ಟಾಪ್ ತೆಗೆದು ಅಪ್ಪನಿಗೆ ಸ್ಲೈಡ್ ತೋರಿಸಿದೆ. ಕನ್ನಡದಲ್ಲಿ ಹೇಳೋಕೆ ಹೊರಟಾಗಲೇ ಮೊದಲನೇ ಪೆಟ್ಟು. ಆನೋಡ್‌ಗೆ ಕನ್ನಡ ಪದ ಹುಡುಕಿದರೆ 'ಧನಾಗ್ರ' ಅಂತ ಬಂತು. ಆದ್ರೆ ಬ್ಯಾಟರಿ ಬಳಕೆಯಲ್ಲಿರುವಾಗ ಆನೋಡ್ ಇರೋದು ಮೈನಸ್ ಕಡೆ! ಎಲೆಕ್ಟ್ರೋಲಿಸಿಸ್ ಪಾಠದಲ್ಲಿ ಹೊರಗಿನಿಂದ ಕರೆಂಟ್ ಕೊಡುವಾಗ ಆನೋಡ್ ಪ್ಲಸ್, ಬ್ಯಾಟರಿ ತಾನೇ ಕರೆಂಟ್ ಕೊಡುವಾಗ ಆನೋಡ್ ಮೈನಸ್. ಪದ ಆ ಪಾಠಕ್ಕೆ ಹೊಂದುತ್ತೆ, ಈ ಪಾಠಕ್ಕೆ ತಿರುಗಿ ನಿಲ್ಲುತ್ತೆ. ಕೊನೆಗೆ ಪದವನ್ನೇ ಬಿಟ್ಟೆ. "ಅಪ್ಪ, ಸೆಲ್ಲಿನೊಳಗೆ ಎರಡು ಮನೆ ಇರ್ತವೆ. ಕರೆಂಟಿಗೆ ಹಾಕಿದಾಗ ಲಿಥಿಯಂ ಈ ಮನೆಯಿಂದ ಆ ಮನೆಗೆ ಹೋಗುತ್ತೆ. ಬ್ಯಾಟ್ರಿ ಬಿಟ್ಟಾಗ ವಾಪಸ್ ಬರುತ್ತೆ. ನಾವು ಆ ಮನೆಯನ್ನ ಹತ್ತು ಪಟ್ಟು ಹಿಡಿಯೋ ಹಾಗೆ ಮಾಡ್ತೀವಿ, ಭತ್ತದ ಹೊಟ್ಟಿನಿಂದ" ಅಂದೆ.

ಅಪ್ಪ ಎಲೆಅಡಿಕೆ ಜಗಿಯುತ್ತ ಪೂರ್ತಿ ಕೇಳಿದರು. ಹಳದಿ ಹತ್ತನ್ನು ಸ್ವಲ್ಪ ಹೊತ್ತು ನೋಡಿದರು.

"ಅದೆಲ್ಲ ಸರಿ ಕನ ಮೊಗ. ಎಷ್ಟು ದಿನ ಬಾಳಿಕೆ ಬತ್ತದ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹದಿನಾಲ್ಕು ಸ್ಲೈಡಿನಲ್ಲಿ ಒಂದರಲ್ಲೂ ಇರಲಿಲ್ಲ. "ಅದು ಇನ್ನೂ ರಿಸರ್ಚ್ ಹಂತದಲ್ಲಿದೆ ಅಪ್ಪ" ಅಂದೆ. ಅವರು ತಲೆಯಾಡಿಸಿ ಕಂಬಳಿ ಹೆಗಲಿಗೆ ಹಾಕಿಕೊಂಡರು. ಯಾಕೋ ನಾನೂ ಬರ್ತೀನಿ ಅಂತ ಹಟ ಹಿಡಿದೆ. ಅವ್ವ ಬೇಡ ಅಂದರು. ತಮ್ಮನೂ ಹೊರಟ. ಕೊನೆಗೆ ಮೂವರೂ ಹೋದೆವು.

ರಾತ್ರಿ ಒಂಬತ್ತಕ್ಕೆ ಮೇಲುಕಾಮನಹಳ್ಳಿ ಚೆಕ್‌ಪೋಸ್ಟಿನಲ್ಲಿ ಗೇಟ್ ಹಾಕುತ್ತಾರೆ. ಬಂಡೀಪುರದ ಕಾಡಿನೊಳಗೆ 2009ರಿಂದ ರಾತ್ರಿ ವಾಹನ ಸಂಚಾರ ನಿಲ್ಲಿಸಿದ್ದಾರಲ್ಲ. ಅದಾದ ಮೇಲೆ ಊಟಿ ರಸ್ತೆಯ ಸದ್ದೂ ಅಡಗಿಹೋಗುತ್ತೆ. ಊರ ಕಡೆಯಿಂದ ಆಗೊಂದು ಈಗೊಂದು ಪಟಾಕಿ ಸದ್ದು. ತಮ್ಮ ನಿದ್ದೆ ಹೋದ. ಅಪ್ಪ ಅರ್ಧ ಗಂಟೆಗೊಮ್ಮೆ ಎದ್ದು ಬ್ಯಾಟ್ರಿ ಬಿಟ್ಟು ಹೊಲದ ಸುತ್ತ ಒಂದು ಸುತ್ತು ಬೆಳಕು ಹಾಯಿಸೋರು. ಪ್ರತಿ ಸಲವೂ ಬೆಳಕು ಸ್ವಲ್ಪ ಹಳದಿ ಆಗುತ್ತಿತ್ತು. ಎರಡು ಗಂಟೆ ಇರಬಹುದು, ಬೇಲಿ ಕಡೆ ಏನೋ ಲಟಕ್ ಅಂತ ಮುರಿದ ಸದ್ದು. ಅಪ್ಪ ಬ್ಯಾಟ್ರಿ ಒತ್ತಿದರು. ಬಲ್ಬು ಕೆಂಡದ ಹಾಗೆ ಒಂದು ಸಲ ಕೆಂಪಗಾಗಿ ಆರಿಹೋಯ್ತು. ಇನ್ನೊಂದು ಸಲ ಒತ್ತಿದರು. ಇಲ್ಲ.

ಆನೆ ಹತ್ತಿರ ಇದ್ದರೆ ಮೊದಲು ಗೊತ್ತಾಗೋದು ವಾಸನೆ. ಆಮೇಲೆ ಹೊಟ್ಟೆಯೊಳಗಿನ ಗುಡುಗಿನಂಥ ಸದ್ದು. ರಾಗಿ ತೆನೆಯನ್ನು ಸರಸರ ಎಳೆದುಕೊಳ್ಳೋದು ಕೇಳಿಸುತ್ತಿತ್ತು, ಎಷ್ಟು ದೂರ ಅಂತ ಗೊತ್ತಾಗುತ್ತಿರಲಿಲ್ಲ. ಒಂದೋ, ಮೂರೋ ಅದೂ ಗೊತ್ತಿಲ್ಲ. ನಾನು ಫೋನ್ ತೆಗೆದೆ, ಆರು ಪರ್ಸೆಂಟ್. ಅಪ್ಪ ನನ್ನ ಕೈ ಹಿಡಿದು ಫೋನನ್ನು ಕಂಬಳಿಯೊಳಗೆ ಒತ್ತಿದರು. ಅದು ಎಲ್ಲಿದೆ ಅಂತ ಕಾಣದೆ ಬೆಳಕು ಹಾಕಿದರೆ ನಾವು ಎಲ್ಲಿದ್ದೀವಿ ಅಂತ ಅದಕ್ಕೆ ಹೇಳಿದ ಹಾಗೆ. ಡಬ್ಬ ಬಡಿಯಲಿಲ್ಲ, ಪಟಾಕಿ ಹಚ್ಚಲಿಲ್ಲ. ಎಷ್ಟು ಹೊತ್ತು ಕೂತಿದ್ದೆವೋ. ಪಕ್ಕದ ಹೊಲದ ದೊಡ್ಡಪ್ಪ ಅವರ ಅಟ್ಟಣೆಯಿಂದ ಬೆಳಕು ಬಿಟ್ಟು ಕೂಗಿ, ಲಕ್ಷ್ಮಿ ಪಟಾಕಿ ಎಸೆದ ಮೇಲೆ ಅವು ಕಂದಕದ ಕಡೆ ಹೋದವು.

ಬೆಳಿಗ್ಗೆ ನೋಡಿದರೆ ಎರಡು ದೊಡ್ಡ ಹೆಜ್ಜೆ, ಒಂದು ಮರಿಯ ಹೆಜ್ಜೆ. ಅಟ್ಟಣೆಯಿಂದ ನಾನು ಎಣಿಸಿದ ಹಾಗೆ ಇಪ್ಪತ್ತೆರಡು ಮಾರು. ಕಾಲು ಎಕರೆಯಷ್ಟು ರಾಗಿ ಹೋಗಿತ್ತು. ಅಪ್ಪ ಅದನ್ನು ನೋಡಿ ಏನೂ ಅನ್ನಲಿಲ್ಲ. ಬ್ಯಾಟ್ರಿ ನನ್ನ ಕೈಗೆ ಕೊಟ್ಟು, "ನೋಡವ್ವ, ನೀನು ಓದ್ತಾ ಇರೋದು ಇದೇ ಅಲ್ವ?" ಅಂದರು.

ಸ್ಕ್ರೂ ಬಿಚ್ಚಿ ನೋಡಿದೆ. ಒಳಗಿದ್ದದ್ದು ಲಿಥಿಯಂ ಅಲ್ಲ, ಸಣ್ಣ ಬೂದು ಡಬ್ಬಿಯ ನಾಲ್ಕು ವೋಲ್ಟಿನ ಸೀಸ-ಆಸಿಡ್ ಬ್ಯಾಟರಿ. ತಂದು ಒಂದೂವರೆ ವರ್ಷ. ಅಪ್ಪ ರಾತ್ರಿಯೆಲ್ಲ ಪೂರ್ತಿ ಖಾಲಿ ಮಾಡಿ, ಬೆಳಿಗ್ಗೆ ಗೂಟಕ್ಕೆ ನೇತುಹಾಕಿ, ಕರೆಂಟ್ ಬಂದಾಗ ಚಾರ್ಜಿಗೆ ಹಾಕೋರು. ಸೀಸದ ಬ್ಯಾಟರಿಯನ್ನು ಖಾಲಿಯಾಗಿ ಬಿಟ್ಟಷ್ಟೂ ಒಳಗಿನ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂರುತ್ತೆ. ಅದು ಮತ್ತೆ ಕರಗೋದಿಲ್ಲ, ಅಷ್ಟು ಜಾಗ ಹೋಯ್ತು ಅಂತಲೇ ಲೆಕ್ಕ. ಹೊಸದಾಗಿದ್ದಾಗ ಅದೂ ರಾತ್ರಿಯೆಲ್ಲ ಉರಿಯುತ್ತಿತ್ತಂತೆ. ಡಬ್ಬದ ಮೇಲೆ ಬರೆದ ಅಂಕಿ ಮೊದಲ ರಾತ್ರಿಯದ್ದು. ಅಪ್ಪನಿಗೆ ಬೇಕಾಗಿದ್ದು ಐನೂರನೇ ರಾತ್ರಿಯ ಅಂಕಿ.

ಹಾಸ್ಟೆಲಿಗೆ ವಾಪಸ್ ಬಂದು ಆ ಅಂಕಿಯನ್ನೇ ಹುಡುಕೋಕೆ ಕೂತೆ. ಆಗ ಗೊತ್ತಾಯ್ತು, ಇಷ್ಟು ವರ್ಷ ಸಿಲಿಕಾನ್ ಆನೋಡಿನ ಮೇಲೆ ಕೆಲಸ ಮಾಡಿದವರ ದೊಡ್ಡ ತಲೆನೋವು ಅಪ್ಪನ ಪ್ರಶ್ನೆಯೇ ಅಂತ.

ಸಿಲಿಕಾನಿನ ಗುಣವೇ ಅದರ ದೋಷ. ಅಷ್ಟೊಂದು ಲಿಥಿಯಂ ಒಳಗೆ ತೆಗೆದುಕೊಂಡ ಮೇಲೆ ಅದು ಊದಿಕೊಳ್ಳಲೇಬೇಕು. ಗ್ರಾಫೈಟ್ ಚಾರ್ಜ್ ಆದಾಗ ಸುಮಾರು ಹತ್ತು ಪರ್ಸೆಂಟ್ ಊದುತ್ತೆ, ಅದರ ಪದರಗಳ ಮಧ್ಯೆ ಲಿಥಿಯಂ ಪುಸ್ತಕದ ಹಾಳೆಗಳ ನಡುವೆ ನವಿಲುಗರಿ ಇಟ್ಟ ಹಾಗೆ ಕೂರುತ್ತೆ. ಸಿಲಿಕಾನ್ ಹಾಗಲ್ಲ. ಅದರ ಗಾತ್ರ ನಾಲ್ಕು ಪಟ್ಟಿನ ಹತ್ತಿರಕ್ಕೆ ಹೋಗುತ್ತೆ. ಖಾಲಿಯಾದಾಗ ಮತ್ತೆ ಕುಗ್ಗುತ್ತೆ. ಹಗಲು ಊದು, ರಾತ್ರಿ ಕುಗ್ಗು. ಬೇಸಿಗೆಯ ಕೆರೆಯಂಗಳದ ಮಣ್ಣು ಬಿರುಕು ಬಿಡೋದನ್ನು ನೋಡಿದ್ದೀರಲ್ಲ, ಹಾಗೆ ಬಿರುಕು ಬಿಟ್ಟು ಪುಡಿಯಾಗುತ್ತೆ. ಪುಡಿಯಾದ ಚೂರು ತಾಮ್ರದ ಹಾಳೆಯಿಂದ ಕಳಚಿಕೊಂಡರೆ ಅದಕ್ಕೆ ಎಲೆಕ್ಟ್ರಾನ್ ತಲುಪೋದಿಲ್ಲ, ಇದ್ದೂ ಇಲ್ಲದ ಹಾಗೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣಲ್ಲ. ಆನೋಡ್ ಎಲ್ಲಿ ಎಲೆಕ್ಟ್ರೋಲೈಟನ್ನು ಮುಟ್ಟುತ್ತೋ ಅಲ್ಲಿ ಮೊದಲ ಚಾರ್ಜಿನಲ್ಲೇ ಒಂದು ತೆಳು ಪೊರೆ ಕಟ್ಟುತ್ತೆ, ಕಾಯಿಸಿದ ಹಾಲಿಗೆ ಕೆನೆ ಕಟ್ಟಿದ ಹಾಗೆ. ಪೊರೆ ಕಟ್ಟೋಕೆ ಒಂದಷ್ಟು ಲಿಥಿಯಂ ಖರ್ಚು. ಗ್ರಾಫೈಟಿನಲ್ಲಿ ಒಮ್ಮೆ ಕಟ್ಟಿದ ಪೊರೆ ಹೆಚ್ಚು ಕಡಿಮೆ ಹಾಗೇ ಉಳಿದು ಕಾಪಾಡುತ್ತೆ. ಸಿಲಿಕಾನ್ ಊದಿದಾಗ ಪೊರೆ ಹರಿಯುತ್ತೆ, ಒಳಗಿನ ಹೊಸ ಸಿಲಿಕಾನ್ ಹೊರಗೆ ಬರುತ್ತೆ, ಅದರ ಮೇಲೆ ಮತ್ತೆ ಪೊರೆ, ಮತ್ತೆ ಲಿಥಿಯಂ ಖರ್ಚು. ಬ್ಯಾಟರಿಯಲ್ಲಿ ಲಿಥಿಯಂ ಇರೋದು ಫ್ಯಾಕ್ಟರಿಯಲ್ಲಿ ಹಾಕಿ ಮುಚ್ಚಿದಷ್ಟೇ. ಮತ್ತೆ ತುಂಬೋಕೆ ಆಗಲ್ಲ.

ಇಲ್ಲೊಂದು ಲೆಕ್ಕ ನನ್ನನ್ನು ರಾತ್ರಿ ಒಂದು ಗಂಟೆಯವರೆಗೆ ಕೂರಿಸಿತು. ಪ್ರತಿ ಚಾರ್ಜಿನಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಲಿಥಿಯಂ ವಾಪಸ್ ಬಂತು ಅಂದುಕೊಳ್ಳಿ. ನಮ್ಮ ಕಡೆ ತೊಂಬತ್ತೊಂಬತ್ತು ಅಂದ್ರೆ ಮನೆಯಲ್ಲಿ ಪಾಯಸ. ಬ್ಯಾಟರಿಗೆ? 0.99ನ್ನು ನೂರು ಸಲ ಗುಣಿಸಿ. ನೂರು ರಾತ್ರಿ ಕಳೆದ ಮೇಲೆ ಉಳಿಯೋದು ಮೂವತ್ತೇಳು ಪರ್ಸೆಂಟ್. 99.9 ಆದರೆ ನೂರು ರಾತ್ರಿಗೆ ತೊಂಬತ್ತು ಉಳಿಯುತ್ತೆ, ಐನೂರು ರಾತ್ರಿಗೆ ಅರವತ್ತೊಂದು. 99.99 ಆದರೆ ಮಾತ್ರ ಐನೂರು ರಾತ್ರಿಗೆ ತೊಂಬತ್ತೈದು. ದಶಾಂಶ ಬಿಂದುವಿನ ಆಚೆಯ ಎರಡು ಒಂಬತ್ತುಗಳಲ್ಲಿ ಇಡೀ ಕಥೆ ಇದೆ. ನಮ್ಮ ಸ್ಲೈಡಿನ ಹಳದಿ ಹತ್ತರಲ್ಲಿ ಇರಲಿಲ್ಲ.

ಆ ಹತ್ತೂ ಪೂರ್ತಿ ಹತ್ತಲ್ಲ ಅನ್ನೋದು ಮರುದಿನ ಗೊತ್ತಾಯ್ತು. ಬ್ಯಾಟರಿ ಅಂದ್ರೆ ಬರೀ ಆನೋಡ್ ಅಲ್ಲ, ಎದುರು ಕ್ಯಾಥೋಡ್ ಇದೆ. ಅದು ಗ್ರಾಂಗೆ 200 ಮಿಲಿಯಾಂಪಿಯರ್ ಅವರ್ ಕೊಡುತ್ತೆ ಅಂತ ಇಟ್ಟುಕೊಂಡು ಎರಡರ ತೂಕ ಸೇರಿಸಿ ಲೆಕ್ಕ ಹಾಕಿ. ಗ್ರಾಫೈಟ್ ಜೊತೆ ಗ್ರಾಂಗೆ 130, ಸಿಲಿಕಾನ್ ಜೊತೆ 189. ಹತ್ತು ಪಟ್ಟು ಹೋಗಿ ಒಂದೂವರೆ ಪಟ್ಟಿಗೂ ಸ್ವಲ್ಪ ಕಡಿಮೆ ಆಯ್ತು. ತಾಮ್ರದ ಹಾಳೆ, ಅಲ್ಯೂಮಿನಿಯಂ ಹಾಳೆ, ಡಬ್ಬಿಯ ತೂಕ ಸೇರಿಸಿದರೆ ಇನ್ನೂ ಕಡಿಮೆ. ನೊಗದ ಒಂದು ಕಡೆ ಆನೆ ಕಟ್ಟಿದರೂ ಇನ್ನೊಂದು ಕಡೆ ಎತ್ತೇ ಇದ್ದರೆ ಗಾಡಿ ಎತ್ತಿನ ಹೆಜ್ಜೆಗೇ ಹೋಗಬೇಕು. ಹಾಗಂತ ಆ ಹೆಚ್ಚುವರಿ ಏನೂ ಅಲ್ಲ ಅಂತಲ್ಲ. ಅಷ್ಟೇ ತೂಕದಲ್ಲಿ ಇನ್ನೊಂದಿಷ್ಟು ದೂರ ಓಡುವ ಸ್ಕೂಟರ್ ಯಾರಿಗೆ ಬೇಡ?

ಹಾಗಾದ್ರೆ ಊದುವುದಕ್ಕೆ ಪರಿಹಾರ? ಊದೋದನ್ನು ತಡೆಯೋಕೆ ಯಾರಿಂದಲೂ ಆಗಿಲ್ಲ. ಅವರು ಮಾಡಿದ್ದು ಊದೋಕೆ ಜಾಗ ಬಿಟ್ಟಿದ್ದು. 2008ರಲ್ಲಿ ಸ್ಟ್ಯಾನ್‌ಫರ್ಡಿನ ಯಿ ಕುಯಿ ಅವರ ತಂಡ ಸಿಲಿಕಾನನ್ನು ಗಟ್ಟಿ ಪದರವಾಗಿ ಹಾಕದೆ ನ್ಯಾನೋ ತಂತಿಗಳಾಗಿ ಬೆಳೆಸಿತು, ಹುಲ್ಲು ನೆಟ್ಟ ಹಾಗೆ. ತಂತಿ ಊದಿದರೂ ಪಕ್ಕದಲ್ಲಿ ಖಾಲಿ ಇದೆ. ಸಿಲಿಕಾನ್ ಕಣ ಸುಮಾರು 150 ನ್ಯಾನೋಮೀಟರಿಗಿಂತ ಸಣ್ಣದಿದ್ದರೆ ಊದಿದರೂ ಒಡೆಯೋದಿಲ್ಲ ಅಂತ 2012ರ ಹೊತ್ತಿಗೆ ತಿಳಿಯಿತು. 2014ರಲ್ಲಿ ಅದೇ ತಂಡ ದಾಳಿಂಬೆಯ ರಚನೆ ಮಾಡಿತು. ಸಿಲಿಕಾನಿನ ಸಣ್ಣ ಸಣ್ಣ ಕಾಳು, ಪ್ರತಿ ಕಾಳಿಗೂ ಸ್ವಲ್ಪ ಸಡಿಲವಾದ ಕಾರ್ಬನ್ ಕೋಣೆ, ಎಲ್ಲ ಕೋಣೆಗಳನ್ನೂ ಸೇರಿಸಿ ಹೊರಗೊಂದು ದಪ್ಪ ಕಾರ್ಬನ್ ಸಿಪ್ಪೆ. ಪೊರೆ ಕಟ್ಟೋದು ಹೊರಗಿನ ಸಿಪ್ಪೆಯ ಮೇಲೆ, ಊದೋದು ಒಳಗಿನ ಕೋಣೆಯಲ್ಲಿ. ಅದಕ್ಕೇ ಪೊರೆ ಹರಿಯಲ್ಲ.

ಅಂಗಡಿಯಲ್ಲಿ ಸಿಗುವುದಕ್ಕೆ ಬಂದರೆ, ಸಿಲಿಕಾನನ್ನು ಕಾರ್ಬನ್ ಜೊತೆ ಬೆರೆಸಿದ ಆನೋಡಿನ ಫೋನು 2023ರಲ್ಲಿ ಆನರ್ ಕಂಪನಿ ಚೀನಾದಲ್ಲಿ ತಂದಿತು. ಆಮೇಲೆ ಬೇರೆ ಕಂಪನಿಗಳೂ ಬಂದವು. ತೆಳ್ಳಗಿನ ಫೋನಿನಲ್ಲೇ 6,000 ಮಿಲಿಯಾಂಪಿಯರ್ ಅವರ್ ಅಂತ ಈಗ ಜಾಹೀರಾತು ಬರುತ್ತಲ್ಲ, ಅವುಗಳಲ್ಲಿ ಕೆಲವದರ ಹಿಂದೆ ಇರೋದು ಇದೇ. ಅವರೂ ಗ್ರಾಫೈಟನ್ನು ಪೂರ್ತಿ ಬಿಟ್ಟಿಲ್ಲ. ಸಿಲಿಕಾನ್ ಇರೋದು ಸಾರಿಗೆ ಒಗ್ಗರಣೆಯಷ್ಟು.

ನಮ್ಮ ಹೊಟ್ಟಿನ ಕಥೆಯನ್ನೂ ಹೇಳಿಬಿಡ್ತೀನಿ. ಗೆಳತಿ ಊರಿನಿಂದ ಒಂದು ಚೀಲ ಹೊಟ್ಟು ತಂದಿದ್ದಳು. ತೊಳೆದು, ದುರ್ಬಲ ಹೈಡ್ರೋಕ್ಲೋರಿಕ್ ಆಸಿಡಿನಲ್ಲಿ ಕುದಿಸಿ, ಮತ್ತೆ ತೊಳೆದು, ಒಣಗಿಸಿ, ಸರ್ ಎದುರಿಗೇ ಮಫಲ್ ಕುಲುಮೆಯಲ್ಲಿ ಎಳ್ಳಷ್ಟೂ ಕಪ್ಪು ಇಲ್ಲದ ಹಾಗೆ ಸುಟ್ಟೆವು. ಹೊರಗೆ ತೆಗೆದಾಗ ಹೊಟ್ಟಿನ ಆಕಾರ ಹಾಗೇ ಇತ್ತು, ಬಣ್ಣ ಮಾತ್ರ ಸುಣ್ಣದ ಬಿಳಿ. ಮುಟ್ಟಿದರೆ ಪುಡಿ. ಅದು ಸಿಲಿಕಾ. ಗಿಡ ಅದನ್ನು ಮೊದಲೇ ನ್ಯಾನೋ ಗಾತ್ರದಲ್ಲಿ, ನಡುವೆ ಸಂದು ಬಿಟ್ಟು ಜೋಡಿಸಿರುತ್ತೆ. ವಿಜ್ಞಾನಿಗಳಿಗೆ ಹೊಟ್ಟಿನ ಮೇಲೆ ಆಸೆ ಹುಟ್ಟಿದ್ದು ಅದಕ್ಕೇ. ಇಲ್ಲದಿದ್ದರೆ ಭೂಮಿಯ ಹೊರಪದರದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸಿಲಿಕಾನೇ ಇದೆ, ನಮ್ಮ ಚಾಮರಾಜನಗರದ ಕರಿಕಲ್ಲಿನಲ್ಲೂ ಇದೆ. ಮುಂದಿನ ಹೆಜ್ಜೆಗೆ ಮೆಗ್ನೀಶಿಯಂ ಪುಡಿ ಬೆರೆಸಿ, ಗಾಳಿ ಇಲ್ಲದೆ ಆರ್ಗಾನ್ ಹರಿಸಿ, 650 ಡಿಗ್ರಿ ಮೇಲೆ ಕಾಯಿಸಬೇಕು. ಮೆಗ್ನೀಶಿಯಂ ಆಕ್ಸಿಜನ್ ಕಿತ್ತುಕೊಳ್ಳುತ್ತೆ, ಸಿಲಿಕಾನ್ ಉಳಿಯುತ್ತೆ, ಆ ಹೊತ್ತಿಗೆ ಅದೇ ವಿಪರೀತ ಶಾಖವನ್ನೂ ಬಿಡುತ್ತೆ. ನಮ್ಮಲ್ಲಿ ಆರ್ಗಾನ್ ಹರಿಸುವ ಕುಲುಮೆ ಇಲ್ಲ. "ಮೆಗ್ನೀಶಿಯಂ ಜೊತೆ ಆಟ ಬೇಡಮ್ಮ" ಅಂದರು ಸರ್. ಸರಿಯಾಗಿಯೇ ಅಂದರು. ನಮ್ಮ ಕೈಯಲ್ಲಿ ಉಳಿದದ್ದು ಒಂದು ಸಣ್ಣ ಬಾಟಲಿ ಬಿಳಿ ಬೂದಿ.

ಸ್ಪರ್ಧೆಗೆ ಮೂರು ದಿನ ಇದ್ದಾಗ ಗೆಳತಿಗೆ ಹೇಳಿದೆ, ಮೊದಲನೇ ಸ್ಲೈಡ್ ತೆಗೆಯೋಣ ಅಂತ. ಅವಳಿಗೆ ಸಿಟ್ಟು ಬಂತು. "ನಮ್ಮ ಐಡಿಯಾದ ತೊಂದರೆಯನ್ನ ನಾವೇ ಮೊದಲು ಹೇಳಿದ್ರೆ ಯಾರು ಪ್ರೈಜ್ ಕೊಡ್ತಾರೆ? ಅಂಕಿ ಸುಳ್ಳಲ್ವಲ್ಲ?"

ಅವಳು ಹೇಳಿದ್ದು ನಿಜ. 3,579 ಸುಳ್ಳಲ್ಲ, 372 ಸುಳ್ಳಲ್ಲ. ಆದ್ರೆ ನನಗೆ ಆ ಅಂಕಿ ನೋಡಿದಾಗಲೆಲ್ಲ ಕೆಂಡದ ಹಾಗೆ ಆರಿದ ಬಲ್ಬು ಕಣ್ಣಿಗೆ ಬರುತ್ತಿತ್ತು. ಆ ಬ್ಯಾಟ್ರಿಯ ಡಬ್ಬದ ಮೇಲಿದ್ದ ಅಂಕಿಯೂ ಸುಳ್ಳಾಗಿರಲಿಲ್ಲ. ಇದನ್ನು ಅವಳಿಗೆ ಸರಿಯಾಗಿ ಹೇಳೋಕೆ ನನಗೆ ಬರಲಿಲ್ಲ. ಜೋರಾಗಿ ಏನೋ ಅಂದೆ, ಅವಳೂ ಅಂದಳು. ಒಂದು ದಿನ ಮಾತು ಬಿಟ್ಟೆವು. ಮರುದಿನ ರಾತ್ರಿ ಅವಳೇ ಬಂದು, "ಆನೆ ಬಂದಿದ್ದು ನಿಜಾನಾ? ನನಗೆ ಯಾಕೆ ಹೇಳಲಿಲ್ಲ?" ಅಂದಳು. ಅದುವರೆಗೆ ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ನಾಲ್ಕನೇ ಕ್ಲಾಸಿನ ನಗು ಇನ್ನೂ ಎಲ್ಲೋ ಒಳಗಿತ್ತೋ ಏನೋ. ಪೂರ್ತಿ ಕೇಳಿ, ಅವಳೇ ಲ್ಯಾಪ್‌ಟಾಪ್ ಎಳೆದುಕೊಂಡು ಹಳದಿ ಹತ್ತನ್ನು ಅಳಿಸಿದಳು. ಅದರ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು ಹಾಕಿದೆವು, ಐನೂರು ರಾತ್ರಿ ಆದ ಮೇಲೆ ಎಷ್ಟು ಉಳಿಯುತ್ತೆ ಅಂತ.

ನಮಗೆ ಬಹುಮಾನ ಬರಲಿಲ್ಲ. ಮೊದಲ ಬಹುಮಾನ ಡ್ರೋನಿಗೆ ಹೋಯ್ತು, ಅದು ಚೆನ್ನಾಗಿಯೇ ಇತ್ತು. ಹೊರಗಿನಿಂದ ಬಂದಿದ್ದ ತೀರ್ಪುಗಾರರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, "ಇಲ್ಲಿಗೆ ನಿಲ್ಲಿಸಿದ್ದೀರಿ ಅಂತ ಹೇಳಿದ್ದು ಒಳ್ಳೆಯದಾಯ್ತು" ಅಂದರು. ಹೊಗಳಿಕೆಯೋ ಸಮಾಧಾನವೋ ಗೊತ್ತಾಗಲಿಲ್ಲ. ಬಾಟಲಿ ಈಗ ನನ್ನ ಹಾಸ್ಟೆಲ್ ಕಿಟಕಿಯಲ್ಲಿದೆ.

ಸೇರಿಸಿಟ್ಟ ದುಡ್ಡಿನಲ್ಲಿ ಅಪ್ಪನಿಗೆ ಒಂದು ಹೊಸ ಬ್ಯಾಟ್ರಿ ಕೊಡಿಸಿದೆ. ಸಿಲಿಕಾನಿನದ್ದಲ್ಲ, ಮಾಮೂಲಿ ಲಿಥಿಯಂ ಸೆಲ್ಲಿನದ್ದು, ಹದಿನೆಂಟು ಮಿಲಿಮೀಟರ್ ದಪ್ಪ, ಅರವತ್ತೈದು ಮಿಲಿಮೀಟರ್ ಉದ್ದದ ಒಂದೇ ಸೆಲ್ಲು. ಪೂರ್ತಿ ಖಾಲಿ ಮಾಡಬೇಡಿ, ಬಿಸಿಲಲ್ಲಿ ಇಡಬೇಡಿ ಅಂತ ಹೇಳಿಕೊಟ್ಟೆ. ಅಪ್ಪ ಕೇಳಿದ್ದು ಒಂದೇ, ಅದೇ ಹಳೆಯ ಪ್ರಶ್ನೆ. "ಗೊತ್ತಿಲ್ಲ ಅಪ್ಪ, ಎಣಿಸೋಣ" ಅಂದೆ.

ಅಪ್ಪ ಅದನ್ನು ಸುಮ್ಮನೆ ಹೇಳಿದ ಮಾತು ಅಂತ ತೆಗೆದುಕೊಳ್ಳಲಿಲ್ಲ. ಅಟ್ಟಣೆಯ ಕಂಬದ ಮೇಲೆ ಪ್ರತಿ ಸಲ ಚಾರ್ಜ್ ಮಾಡಿದಾಗ ಕುಡುಗೋಲಿನ ತುದಿಯಲ್ಲಿ ಒಂದು ಗೀಟು ಹಾಕುತ್ತಿದ್ದಾರೆ. ಹತ್ತಕ್ಕೊಂದು ಸಲ, ಪೂರ್ತಿ ಚಾರ್ಜಿನಲ್ಲಿ ಒಂದೇ ಸಮ ಹಚ್ಚಿಟ್ಟು ಬೆಳಕು ಎಷ್ಟು ಹೊತ್ತಿಗೆ ಮಂಕಾಯ್ತು ಅಂತ ತಮ್ಮ ಫೋನಿನಲ್ಲಿ ಬರೆದು ನನಗೆ ಕಳಿಸುತ್ತಾನೆ. ರಾಗಿ ಕುಯ್ಲು ಮುಗಿದು ಈಗ ಬಾಳೆಯ ಕಾವಲು. ನಿನ್ನೆ ರಾತ್ರಿ ಫೋನ್ ಮಾಡಿದಾಗ ಅಪ್ಪ ಊಟ ಆಯ್ತಾ ಅಂತಲೂ ಕೇಳುವ ಮೊದಲೇ ಹೇಳಿದರು.

"ಅರವತ್ತೊಂದು ಗೀಟಾಯ್ತು ಕನವ್ವ. ಇನ್ನೂ ಅದ."